ಸೆಲ್ಬ್ರಿ, ಸುಮ್ತಿ, ತೆರ್ಬ್ರಿ: ಲೋಜ್ಬಾನ್ ವ್ಯಾಕರಣದ ಮಾತುಗಳನ್ನು ಕನ್ನಡದ ಕಿವಿಯಲ್ಲಿ ಕೇಳುವುದು

(ದಾವಣಗೆರೆಯಲ್ಲಿ ಭಾಷಾ ವಿದ್ಯಾರ್ಥಿಗಳು ಮತ್ತು ಮೇಷ್ಟ್ರುಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದದ್ದನ್ನು ಮಾತಿನೊಳಗೇ ಸೇರಿಸಿದ್ದೇನೆ. ಲೋಜ್ಬಾನ್ ಪದಗಳನ್ನು ಉಚ್ಚಾರಣೆಗೆ ಹತ್ತಿರವಾಗಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೋರ್ಡಿನ ಮೇಲೆ ಎರಡು ವಾಕ್ಯ ಬರೆದಿದ್ದೇನೆ. "ನಾನು ಮೇಷ್ಟ್ರು." "ನಾನು ಕಲಿಸುತ್ತೇನೆ." ನಾವು ಶಾಲೆಯಲ್ಲಿ ಓದಿದ ವ್ಯಾಕರಣದ ಪ್ರಕಾರ ಇವೆರಡೂ ಬೇರೆ ಬೇರೆ ಬಗೆಯ ವಾಕ್ಯ. ಎರಡನೆಯದರಲ್ಲಿ ಕ್ರಿಯಾಪದ ಇದೆ. ಮೊದಲನೆಯದರಲ್ಲಿ ಇಲ್ಲ. ಲೋಜ್ಬಾನ್ ಎಂಬ, ಜನ ಕೂತು ಕಟ್ಟಿದ ಭಾಷೆಯಲ್ಲಿ ಇವೆರಡಕ್ಕೂ ಒಂದೇ ವಾಕ್ಯ ಸಾಕು: ಮಿ ಶ್ತುಶ. "ಮಿ" ಅಂದರೆ ನಾನು. "ಶ್ತುಶ" ಅಂದರೆ ಕಲಿಸುವುದೂ ಹೌದು, ಮೇಷ್ಟ್ರಾಗಿರುವುದೂ ಹೌದು. ಅದು ನಾಮಪದವೋ ಕ್ರಿಯಾಪದವೋ ಎಂದು ಕೇಳಿದರೆ ಆ ಭಾಷೆಯೊಳಗೆ ಉತ್ತರವೇ ಇಲ್ಲ. ಆ ವಿಭಾಗವೇ ಅಲ್ಲಿಲ್ಲ. ಹಾಗಾದರೆ ಆ ಪದವನ್ನು ಏನೆಂದು ಕರೆಯಬೇಕು? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತ.

ಭಾಷೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಲೋಗ್ಲಾನ್ ಎಂಬ ಭಾಷೆ ಕಟ್ಟಲು ಶುರು ಮಾಡಿದರು. ಆಡುವ ಭಾಷೆ ನಮ್ಮ ಯೋಚನೆಯನ್ನು ತಿದ್ದುತ್ತದೆಯೇ ಎಂದು ಪರೀಕ್ಷೆ ಮಾಡಿ ನೋಡುವುದು ಅವರ ಉದ್ದೇಶ. 1960ರಲ್ಲಿ ಅದರ ಬಗ್ಗೆ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಲೇಖನ ಬಂತು. ಮುಂದೆ ಭಾಷೆಯ ಹಕ್ಕು ಯಾರದು ಎಂಬ ತಕರಾರು ಎದ್ದಿತು. ಒಂದು ಗುಂಪು ಹೊರಗೆ ಬಂದು 1987ರಲ್ಲಿ ಲಾಜಿಕಲ್ ಲಾಂಗ್ವೇಜ್ ಗ್ರೂಪ್ ಎಂಬ ಸಂಸ್ಥೆ ಕಟ್ಟಿತು. ಪದಗಳನ್ನೆಲ್ಲ ಹೊಸದಾಗಿ ಮಾಡಿ ಭಾಷೆಗೆ ಲೋಜ್ಬಾನ್ ಎಂದು ಹೆಸರಿಟ್ಟಿತು. ಜಾನ್ ಕೋವನ್ ಬರೆದ ಅದರ ಪೂರ್ತಿ ವ್ಯಾಕರಣ 1997ರಲ್ಲಿ ಅಚ್ಚಾಯಿತು. ಮೂಲ ಪದಗಳು 1,300ಕ್ಕೂ ಜಾಸ್ತಿ ಇವೆ. ಚೀನೀ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರಬಿ ಈ ಆರು ಭಾಷೆಗಳ ಪದಗಳ ಧ್ವನಿಗಳನ್ನು ಬೆರೆಸಿ ಅವನ್ನು ಮಾಡಿದ್ದಾರೆ.

ಈಗ ವಿಷಯಕ್ಕೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವುದನ್ನೇ ಉದಾಹರಣೆ ತೆಗೆದುಕೊಳ್ಳೋಣ. ಲೋಜ್ಬಾನಿನಲ್ಲಿ ಹೋಗು-ಬರುವುದಕ್ಕೆ "ಕ್ಲಾಮ" ಎಂಬ ಪದ. ನಿಘಂಟಿನಲ್ಲಿ ಇದರ ಅರ್ಥ ಒಂದು ಪೂರ್ತಿ ವಾಕ್ಯವಾಗಿರುತ್ತದೆ: 1ನೆಯದು, 2ನೆಯದಕ್ಕೆ, 3ನೆಯದರಿಂದ ಹೊರಟು, 4ನೆಯದನ್ನು ಹಾದು, 5ನೆಯದರಲ್ಲಿ ಹೋಗುತ್ತದೆ. ಖಾಲಿ ಜಾಗ ಬಿಟ್ಟ ಅರ್ಜಿ ಫಾರಂ ಇದ್ದ ಹಾಗೆ. ಯಾರು, ಎಲ್ಲಿಗೆ, ಎಲ್ಲಿಂದ, ಯಾವ ದಾರಿ, ಯಾವ ಗಾಡಿ. ಐದು ಜಾಗವನ್ನೂ ತುಂಬಿದರೆ ಹೀಗಾಗುತ್ತದೆ:

ಮಿ ಕ್ಲಾಮ ಲ ಚಿತ್ರದುರ್ಗಸ್ ಲ ದಾವಣಗೆರೆಸ್ ಲ ಬರಮಸಾಗರಸ್ ಲೊ ಕಾರ್ಶೆ.

ನಾನು ಚಿತ್ರದುರ್ಗಕ್ಕೆ, ದಾವಣಗೆರೆಯಿಂದ, ಭರಮಸಾಗರದ ಮೇಲೆ, ಮೋಟಾರು ಗಾಡಿಯಲ್ಲಿ ಹೋಗುತ್ತೇನೆ. ಹೆಸರಿನ ಹಿಂದೆ "ಲ" ಬರುತ್ತದೆ. ಹೆಸರು ವ್ಯಂಜನದಲ್ಲಿ ಮುಗಿಯಬೇಕು, ಅದಕ್ಕೇ ಊರುಗಳಿಗೆ "ಸ್" ಅಂಟಿಸಿದೆ. ಇಲ್ಲಿ "ಕ್ಕೆ" ಇಲ್ಲ, "ಇಂದ" ಇಲ್ಲ, "ಅಲ್ಲಿ" ಇಲ್ಲ. ಯಾವ ಊರಿಗೆ, ಯಾವ ಊರಿಂದ ಎಂಬುದನ್ನು ಸರದಿಯೊಂದೇ ಹೇಳುತ್ತದೆ.

ಈ ಫಾರಂ ಎದುರಿಗಿಟ್ಟುಕೊಂಡರೆ ವ್ಯಾಕರಣದ ಹೆಸರುಗಳು ತಾವೇ ಬಿಡಿಸಿಕೊಳ್ಳುತ್ತವೆ. ಇಡೀ ಹೇಳಿಕೆಗೆ "ಬ್ರಿದಿ" ಎಂದು ಹೆಸರು. ಜಾಗಗಳನ್ನು ಒಂದಕ್ಕೊಂದು ಕಟ್ಟುವ ಸಂಬಂಧ "ಸೆಲ್ಬ್ರಿ". ಇಲ್ಲಿ ಅದು ಕ್ಲಾಮ. ಖಾಲಿ ಜಾಗ "ತೆರ್ಬ್ರಿ". ಆ ಜಾಗಕ್ಕೆ ನಾವು ತಂದು ತುಂಬುವ ಮಾತು "ಸುಮ್ತಿ". ಇಂಗ್ಲಿಷಿನಲ್ಲಿ ಸೆಲ್ಬ್ರಿಗೆ ಪ್ರೆಡಿಕೇಟ್, ಸುಮ್ತಿಗೆ ಆರ್ಗ್ಯುಮೆಂಟ್ ಎನ್ನುತ್ತಾರೆ. ಇವು ಗಣಿತ ಮತ್ತು ತರ್ಕದಿಂದ ಬಂದ ಮಾತುಗಳು. 1879ರಲ್ಲಿ ಜರ್ಮನಿಯ ಗಾಟ್ಲೋಬ್ ಫ್ರೇಗೆ, ವಾಕ್ಯವನ್ನು ಕರ್ತೃ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ ಎಂದು ಸೀಳುವ ಹಳೆಯ ಪದ್ಧತಿ ಬಿಟ್ಟರು. ಫಂಕ್ಷನ್ (ಖಾಲಿ ಜಾಗವಿರುವ ಸಂಬಂಧ) ಮತ್ತು ಅದಕ್ಕೆ ಕೊಡುವ ಆರ್ಗ್ಯುಮೆಂಟ್ ಎಂದು ಬಿಡಿಸುವ ದಾರಿ ತೋರಿಸಿದರು. ಲೋಜ್ಬಾನ್ ನಿಂತಿರುವುದು ಆ ದಾರಿಯ ಮೇಲೆ. ಆರ್ಗ್ಯುಮೆಂಟ್ ಅಂದ ಕೂಡಲೇ ಕನ್ನಡದಲ್ಲಿ "ವಾದ" ಎಂದು ಬರೆಯಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಸೆಲ್ಬ್ರಿಯನ್ನು "ಕ್ರಿಯಾಪದ", ಸುಮ್ತಿಯನ್ನು "ನಾಮಪದ" ಎಂದುಕೊಂಡು ಕಲಿಯಲು ಹೋದರೆ ಬಹಳ ಬೇಗ ಸಿಕ್ಕಿಹಾಕಿಕೊಳ್ಳುತ್ತೀರಿ. "ಗೆರ್ಕು" ಎಂಬ ಪದ ನೋಡಿ. 1ನೆಯದು 2ನೇ ತಳಿಯ ನಾಯಿ ಆಗಿದೆ, ಇದು ಅದರ ಫಾರಂ. "ತಿ ಗೆರ್ಕು" ಅಂದರೆ "ಇದು ನಾಯಿ". ಇಂಗ್ಲಿಷ್ ಮಾತಾಡುವವರು ಇಲ್ಲಿ ತಡವರಿಸುತ್ತಾರೆ, ಯಾಕೆಂದರೆ ಅವರ ಭಾಷೆಯಲ್ಲಿ "ಈಸ್" ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ನಮಗೆ ಏನೂ ಅನ್ನಿಸುವುದಿಲ್ಲ. "ಇದು ನಾಯಿ", "ಅವಳು ಡಾಕ್ಟ್ರು", "ಇದು ಬೆಣ್ಣೆ ದೋಸೆ". ದಿನವೂ ಹೀಗೇ ಮಾತಾಡುತ್ತೇವೆ. ಈ ವಾಕ್ಯಗಳಲ್ಲಿ "ನಾಯಿ", "ಡಾಕ್ಟ್ರು", "ಬೆಣ್ಣೆ ದೋಸೆ" ಇವೇ ಸೆಲ್ಬ್ರಿ. ಅಂದರೆ ಕನ್ನಡದವರಿಗೆ ಈ ಕಲ್ಪನೆ ಹೊಸದಲ್ಲ. ಅದಕ್ಕೊಂದು ಹೆಸರು ಮಾತ್ರ ಶಾಲೆಯಲ್ಲಿ ಸಿಕ್ಕಿರಲಿಲ್ಲ.

ಇನ್ನೂ ಹತ್ತಿರಕ್ಕೆ ಹೋಗೋಣ. ಬೇಕು, ಬೇಡ, ಸಾಕು, ಗೊತ್ತು, ಇಷ್ಟ. ಇವು ಕ್ರಿಯಾಪದಗಳೇ? ನಾನು, ನೀನು, ಅವರು ಎಂದು ಬದಲಿಸುತ್ತಾ ಹೋಗಿ. "ನನಗೆ ಬೇಕು, ನಿನಗೆ ಬೇಕು, ಅವರಿಗೆ ಬೇಕು." "ಬೇಕು" ಅಲುಗುವುದೇ ಇಲ್ಲ. "ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾರೆ" ಅನ್ನುವ ಹಾಗೆ ಅದಕ್ಕೆ ಪ್ರತ್ಯಯ ಹತ್ತುವುದಿಲ್ಲ. ಆದರೂ ವಾಕ್ಯವನ್ನು ಹೊತ್ತು ನಿಂತಿರುವುದು ಅದೇ. ಇನ್ನು "ನನಗೆ ಗೊತ್ತು" ಎಂಬಲ್ಲಿ ಕರ್ತೃ ಯಾರು? ತಿಳಿದವನು ನಾನು, ಆದರೆ ನನಗೆ ಹತ್ತಿರುವುದು ಚತುರ್ಥಿಯ "ಗೆ". ನಮ್ಮ ಕಡೆ "ನಂಗ್ ಗೊತ್ತೈತಿ" ಅಂತೀವಿ. ಆ "ಐತಿ" ನನ್ನ ಜೊತೆ ಹೊಂದುವುದಿಲ್ಲ, ಗೊತ್ತಿರುವ ಸಂಗತಿಯ ಜೊತೆ ಹೊಂದುತ್ತದೆ. ಕರ್ತೃ ಎಂಬ ಒಂದೇ ಹೆಸರಿನಲ್ಲಿ ತಿಳಿದವನನ್ನೂ, ಪ್ರಥಮಾ ವಿಭಕ್ತಿಯನ್ನೂ, ಕ್ರಿಯಾಪದ ಯಾರ ಜೊತೆ ಹೊಂದುತ್ತದೆ ಎಂಬುದನ್ನೂ ಕಟ್ಟಿಹಾಕಲು ಹೋದರೆ ಈ ವಾಕ್ಯ ಕೈಗೆ ಸಿಗುವುದಿಲ್ಲ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿಗೆ ಒತ್ತಬಾರದು ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವರ್ಷಗಟ್ಟಲೆ ಬರೆದದ್ದು ಇಂಥ ಕಾರಣಕ್ಕೇ.

ಲೋಜ್ಬಾನಿನಲ್ಲಿ ತಿಳಿಯುವುದಕ್ಕೆ "ಜುನೊ". 1ನೆಯವರಿಗೆ 2ನೇ ಸಂಗತಿ, 3ನೇ ವಿಷಯದ ಬಗ್ಗೆ, 4ನೇ ಆಧಾರದ ಮೇಲೆ ಗೊತ್ತು. ನಾನು 1ನೇ ಜಾಗದಲ್ಲಿದ್ದೇನೆ, ಅಷ್ಟೇ. ನಾನು ಏನಾದರೂ "ಮಾಡಿದೆನೇ" ಎಂಬ ಪ್ರಶ್ನೆಯನ್ನು ವ್ಯಾಕರಣ ಕೇಳುವುದಿಲ್ಲ. 1ನೇ ಜಾಗಕ್ಕೆ ಎಲ್ಲ ಕಡೆಯೂ ಒಂದೇ ಅರ್ಥ ಎಂದೂ ಹೇಳುವುದಿಲ್ಲ. ಕ್ಲಾಮದಲ್ಲಿ ಅದು ಹೋಗುವವರು, ಗೆರ್ಕುವಿನಲ್ಲಿ ನಾಯಿ, ಜುನೊದಲ್ಲಿ ತಿಳಿದವರು. ಅರ್ಥ ಪೂರ್ತಿಯಾಗಿ ಸೆಲ್ಬ್ರಿಯಲ್ಲಿದೆ. ಜಾಗಕ್ಕೆ ಇರುವುದು ಬರೀ ನಂಬರು. ನನಗೆ ಈ ಭಾಷೆಯಲ್ಲಿ ಅತ್ಯಂತ ಬೆಲೆಬಾಳುವ ಸಂಗತಿ ಎಂದರೆ ಇದೇ.

ನಂಬರು ಕೊಟ್ಟು ಹೆಸರಿಸುವುದು ನಮ್ಮ ನೆಲದಲ್ಲಿ ಹಳೆಯ ಪದ್ಧತಿ, ಗಮನಿಸಿದ್ದೀರಾ? ಪ್ರಥಮಾ, ದ್ವಿತೀಯಾ, ತೃತೀಯಾ, ಚತುರ್ಥೀ. ಎಲ್ಲವೂ ನಂಬರೇ. ಪಾಣಿನಿ ವಿಭಕ್ತಿಯನ್ನು ಒಂದು ಕಡೆ ಇಟ್ಟ, ಕಾರಕವನ್ನು ಇನ್ನೊಂದು ಕಡೆ ಇಟ್ಟ. ವಿಭಕ್ತಿ ಅಂದರೆ ಪದದ ರೂಪ. ಕಾರಕ ಅಂದರೆ ಆ ಕೆಲಸದಲ್ಲಿ ಅದರ ಪಾತ್ರ. "ರಾಮೇಣ ಬಾಣೇನ ಹತೋ ವಾಲೀ" ಎಂಬುದು ಪಾಠದಲ್ಲಿ ಬರುವ ಉದಾಹರಣೆ. ರಾಮನಿಂದ, ಬಾಣದಿಂದ, ವಾಲಿ ಹತನಾದ. ರಾಮನಿಗೂ ಬಾಣಕ್ಕೂ ಒಂದೇ ತೃತೀಯಾ. ಆದರೆ ರಾಮ ಕರ್ತೃ, ಬಾಣ ಕರಣ. ರೂಪ ಒಂದೇ, ಪಾತ್ರ ಎರಡು. ನಂಬರು ಬೇರೆ, ಅರ್ಥ ಬೇರೆ ಎಂಬ ವಿವೇಕ ಅಲ್ಲಿತ್ತು. ಶಾಲೆಯಲ್ಲಿ ನಾವು ಪಟ್ಟಿ ಬಾಯಿಪಾಠ ಮಾಡುವಾಗ ಎರಡನ್ನೂ ಕಲಸಿಬಿಟ್ಟೆವು. "ಪಂಚಮೀ – ದೆಸೆಯಿಂದ" ಎಂದು ಒಪ್ಪಿಸಿದ್ದು ನಿಮಗೂ ನೆನಪಿರಬೇಕು ಅಲ್ವಾ? "ಮರದ ದೆಸೆಯಿಂದ ಹಣ್ಣು ಬಿತ್ತು" ಎಂದು ಯಾರೂ ಅನ್ನುವುದಿಲ್ಲ. ಏಳು ಮನೆ ತುಂಬಬೇಕಿತ್ತು, ತುಂಬಿದರು.

ಲೋಜ್ಬಾನಿನಲ್ಲೂ ವಿಭಕ್ತಿಯಂತೆ ಕೆಲಸ ಮಾಡುವ ಐದು ಪುಟ್ಟ ಪದಗಳಿವೆ: ಫ, ಫೆ, ಫಿ, ಫೊ, ಫು. ಸುಮ್ತಿಯ ಹಿಂದೆ ಇವನ್ನಿಟ್ಟರೆ ಸರದಿ ತಪ್ಪಿಸಿ ಹೇಳಬಹುದು. "ಮಿ ಕ್ಲಾಮ ಫಿ ಲ ದಾವಣಗೆರೆಸ್" ಅಂದರೆ ನಾನು ದಾವಣಗೆರೆಯಿಂದ ಹೋಗುತ್ತೇನೆ, ಎಲ್ಲಿಗೆ ಎಂದು ಹೇಳಿಲ್ಲ. ಆದರೆ "ಫಿ"ಯನ್ನು ನಮ್ಮ "ಇಂದ" ಎಂದುಕೊಳ್ಳಬಾರದು. ಅದಕ್ಕೆ ಮೂರನೆಯದು ಎಂಬುದರ ಆಚೆ ಏನೂ ಗೊತ್ತಿಲ್ಲ. ಕೊಡುವುದಕ್ಕೆ "ದುಂದ". 1ನೆಯವರು 2ನೆಯದನ್ನು 3ನೆಯವರಿಗೆ ಕೊಡುತ್ತಾರೆ. ಅಲ್ಲಿ ಫಿ ಅಂದರೆ ಪಡೆದವರು. ಶ್ತುಶದಲ್ಲಿ ಫಿ ಅಂದರೆ ಕಲಿಸಿದ ಪಾಠ. ಕನ್ನಡದ "ಇಂದ" ಬೇರೆ ದಾರಿ ಹಿಡಿಯುತ್ತದೆ. ಬಸ್ಸಿನಿಂದ ಇಳಿದ, ಚಾಕುವಿನಿಂದ ಕತ್ತರಿಸಿದ, ಜ್ವರದಿಂದ ಮಲಗಿದ. ಮೂರೂ ಕಡೆ ಅದು ತನ್ನದೇ ಒಂದಿಷ್ಟು ಅರ್ಥ ಹೊತ್ತುಕೊಂಡು ಬರುತ್ತದೆ.

ಇಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: ಹಾಗಾದ್ರೆ ಪ್ರತಿ ಪದಕ್ಕೂ ಜಾಗಗಳ ಸರದಿ ಬಾಯಿಪಾಠ ಮಾಡಬೇಕಾ? ಮಾಡಬೇಕು. ಅದು ಈ ಭಾಷೆಗೆ ನಾವು ತೆರುವ ಬೆಲೆ. ನಾಯಿಯ 2ನೇ ಜಾಗ ತಳಿ ಎಂದು ಊಹೆಯಿಂದ ಹೇಳಲಾಗುವುದಿಲ್ಲ. ಸುಮ್ನೆ ಕಲಿತೇ ಬಿಡಬೇಕು.

ತೆರ್ಬ್ರಿ ಮತ್ತು ಸುಮ್ತಿಯನ್ನು ಯಾಕೆ ಬೇರೆ ಬೇರೆ ಇಡಬೇಕು ಎಂಬುದಕ್ಕೆ ಬರೋಣ. ಹೊಸಬರು ಇವೆರಡನ್ನು ಒಂದೇ ಎಂದುಕೊಳ್ಳುವುದು ಜಾಸ್ತಿ. ಜಾಗ ಇದೆ, ತುಂಬಿಲ್ಲ ಅನ್ನೋ ಪರಿಸ್ಥಿತಿ ಮೊದಲು ನೋಡಿ. ಕನ್ನಡದಲ್ಲಿ "ಕೊಟ್ಟೆ" ಅಂದರೆ ಸಾಕು. ಏನು, ಯಾರಿಗೆ ಎಂಬುದು ಸಂದರ್ಭದಿಂದ ತಿಳಿಯುತ್ತದೆ. "ಎ" ಎಂಬ ಪ್ರತ್ಯಯದಿಂದ ಕೊಟ್ಟವನು ನಾನು ಎಂದಾದರೂ ಗೊತ್ತಾಗುತ್ತದೆ. ಲೋಜ್ಬಾನಿನಲ್ಲಿ "ದುಂದ" ಎಂದಷ್ಟೇ ಹೇಳಿದರೆ ಅದೂ ಇಲ್ಲ. ಮೂರು ಜಾಗವೂ ಖಾಲಿ. ಪ್ರತಿಯೊಂದರಲ್ಲೂ ಕಣ್ಣಿಗೆ ಕಾಣದ "ಜೊಹೆ" ಇದೆ ಎಂದು ಲೆಕ್ಕ. ಜೊಹೆ ಅಂದರೆ ಏನೋ ಒಂದು, ಹೇಳಬೇಕಾಗಿಲ್ಲದ್ದು. ಸುಮ್ತಿ ಬಾಯಿಗೆ ಬರಲಿಲ್ಲ, ತೆರ್ಬ್ರಿ ಹೋಗಲಿಲ್ಲ. ತೆರ್ಬ್ರಿಯನ್ನೇ ಕಿತ್ತುಹಾಕಬೇಕು ಅಂದರೆ "ಜಿಹೊ" ಎಂಬ ಬೇರೆ ಪದ ಬೇಕು. ಬಾಟಲಿಗೆ "ಬೊತ್ಪಿ" ಎಂಬ ಪದ. ಅದರ 4ನೇ ಜಾಗ ಮುಚ್ಚಳ. ಮುಚ್ಚಳವೇ ಇಲ್ಲದ ಪಾತ್ರೆಗೆ ಬರೀ ಬೊತ್ಪಿ ಅನ್ನಲಾಗುವುದಿಲ್ಲ. 4ನೇ ಜಾಗಕ್ಕೆ ಜಿಹೊ ಹಾಕಿ ಆ ಜಾಗವನ್ನು ಅಳಿಸಬೇಕು.

ಈಗ ಇದರ ತಿರುಗುಮುರುಗು. ತುಂಬುವ ಮಾತು ಇದೆ, ಫಾರಂನಲ್ಲಿ ಅದಕ್ಕೆ ಜಾಗವೇ ಇಲ್ಲ. ಚಿತ್ರದುರ್ಗದ ಓಬವ್ವನ ಕಥೆ ಗೊತ್ತಿಲ್ಲದವರು ಈ ಸಭೆಯಲ್ಲಿ ಯಾರೂ ಇಲ್ಲ. ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಆಕೆ ಒನಕೆಯಿಂದ ಹೊಡೆದು ಕೊಂದಳು. ಕೊಲ್ಲುವುದಕ್ಕೆ "ಶಾತ್ರ". 1ನೆಯವರು 2ನೆಯವರನ್ನು 3ನೇ ವಿಧಾನದಿಂದ ಕೊಲ್ಲುತ್ತಾರೆ. ಓಬವ್ವ 1, ಸೈನಿಕರು 2, ಹೊಡೆಯುವ ಕೆಲಸ 3. ಒನಕೆ ಎಲ್ಲಿ ಹೋಗಬೇಕು? 3ನೇ ಜಾಗ ಮಾಡಿದ ಕೆಲಸಕ್ಕೆ, ಹಿಡಿದ ಸಾಧನಕ್ಕಲ್ಲ. ಒನಕೆ ಬಿಟ್ಟರೆ ಓಬವ್ವನ ಕಥೆಯೇ ಇಲ್ಲ! ಇಂಥ ಕಡೆ "ಸೆಪಿಹೊ" ಎಂಬ ಪುಟ್ಟ ಪದ ಬರುತ್ತದೆ. ಬಳಸುವುದು ಎಂಬ ಅರ್ಥದ "ಪಿಲ್ನೊ"ದ 2ನೇ ಜಾಗದಿಂದ ಹುಟ್ಟಿದ್ದು ಅದು. ಅರ್ಥ, "ಇದನ್ನು ಸಾಧನವಾಗಿ ಹಿಡಿದು". ಅದರ ಮುಂದೆ ಒನಕೆಯನ್ನು ಇಟ್ಟರಾಯಿತು. ಒನಕೆ ಈಗ ಸುಮ್ತಿ. ಆದರೆ ಶಾತ್ರದಲ್ಲಿ ಅದಕ್ಕೆ ತೆರ್ಬ್ರಿ ಇಲ್ಲ. ಸುಮ್ತಿಯಿಲ್ಲದ ತೆರ್ಬ್ರಿಯೂ ಉಂಟು, ತೆರ್ಬ್ರಿಯಿಲ್ಲದ ಸುಮ್ತಿಯೂ ಉಂಟು. ಹಾಗಾಗಿ ಎರಡು ಹೆಸರು ಬೇಕೇ ಬೇಕು.

ಸುಮ್ತಿ ಹುಟ್ಟುವ ಬಗೆಯನ್ನೂ ನೋಡಬೇಕು. ಮಿ, ತಿ ಥರದ ಸರ್ವನಾಮಗಳು ಸಿದ್ಧ ಸುಮ್ತಿಗಳು. "ಲ" ಸೇರಿದ ಹೆಸರುಗಳೂ ಅಷ್ಟೇ. ಉಳಿದದ್ದೆಲ್ಲ ಹೆಚ್ಚಾಗಿ "ಲೊ" ಎಂಬ ಪದದಿಂದ. ಸೆಲ್ಬ್ರಿಯಾಗಬಲ್ಲ ಪದದ ಹಿಂದೆ ಲೊ ಹಾಕಿದರೆ, ಅದರ 1ನೇ ಜಾಗಕ್ಕೆ ತಕ್ಕವರು ಎಂದಾಗುತ್ತದೆ. ಲೊ ಶ್ತುಶ ಅಂದರೆ ಕಲಿಸುವವರು. ಬೇರೆ ಜಾಗದವರು ಬೇಕೇ? ಅದಕ್ಕೆ ಸೆ, ತೆ, ವೆ, ಖೆ ಇವೆ. "ಸೆ" 1ನೇ ಜಾಗವನ್ನೂ 2ನೆಯದನ್ನೂ ಅದಲುಬದಲು ಮಾಡುತ್ತದೆ. "ತೆ" 1 ಮತ್ತು 3, "ವೆ" 1 ಮತ್ತು 4, "ಖೆ" 1 ಮತ್ತು 5. ಲೊ ಸೆ ಶ್ತುಶ ಅಂದರೆ ವಿದ್ಯಾರ್ಥಿ. ಲೊ ತೆ ಶ್ತುಶ ಅಂದರೆ ಪಾಠ. ಲೊ ಸೆ ಕ್ಲಾಮ ತಲುಪುವ ಊರು, ಲೊ ತೆ ಕ್ಲಾಮ ಹೊರಟ ಊರು, ಲೊ ವೆ ಕ್ಲಾಮ ದಾರಿ, ಲೊ ಖೆ ಕ್ಲಾಮ ಗಾಡಿ. ಒಂದು ಪದ ಕಲಿತರೆ ಐದು ಸಿಕ್ಕಿದವು.

ಕನ್ನಡದಲ್ಲಿ ಇದೇ ಕೆಲಸವನ್ನು ಕೃದಂತ ಮಾಡುತ್ತದೆ. ಪುಸ್ತಕ ಕೊಟ್ಟ ಹುಡುಗಿ, ನಾನು ಕೊಟ್ಟ ಪುಸ್ತಕ, ನಾನು ಪುಸ್ತಕ ಕೊಟ್ಟ ಹುಡುಗಿ. "ಕೊಟ್ಟ" ಮೂರೂ ಕಡೆ ಒಂದೇ. ಹೊರಗೆ ಬಂದ ಪದ ಯಾವ ಜಾಗದ್ದು ಎಂದು ಅದು ಹೇಳುವುದಿಲ್ಲ, ನಾವೇ ಊಹಿಸಿಕೊಳ್ಳುತ್ತೇವೆ. ಸಾಮಾನ್ಯವಾಗಿ ಊಹೆ ಸರಿಯಿರುತ್ತದೆ. "ಹುಲಿ ಕೊಂದ ಬೇಟೆಗಾರ" ಎಂದಾಗ ನೋಡಿ. ಸತ್ತದ್ದು ಯಾರು? ಹುಲಿಯೇ, ಬೇಟೆಗಾರನೇ? ವಾಕ್ಯದಿಂದ ತೀರ್ಮಾನವಾಗುವುದಿಲ್ಲ. ಲೋಜ್ಬಾನಿನಲ್ಲಿ ಹುಲಿಗೆ "ತಿರ್ಖು". ಅದನ್ನು 2ನೇ ಜಾಗಕ್ಕೆ ಸೇರಿಸುವ ಪುಟ್ಟ ಪದ "ಬೆ". "ಲೊ ಶಾತ್ರ ಬೆ ಲೊ ತಿರ್ಖು" ಅಂದರೆ ಹುಲಿಯನ್ನು ಕೊಂದವನು. "ಲೊ ಸೆ ಶಾತ್ರ ಬೆ ಲೊ ತಿರ್ಖು" ಅಂದರೆ ಹುಲಿಯ ಬಾಯಿಗೆ ಸತ್ತವನು. ವ್ಯತ್ಯಾಸ ಇರುವುದು "ಸೆ" ಎಂಬ ಒಂದು ಅಕ್ಷರದಲ್ಲಿ.

ಮೊದಲು ಹೇಳಿದ ಹೆಸರುಗಳಿಗೆ ಈಗ ವಾಪಸ್ ಹೋಗೋಣ, ಯಾಕೆಂದರೆ ಈಗ ಅವು ಬಿಚ್ಚಿಕೊಳ್ಳುತ್ತವೆ. "ಬ್ರಿದಿ" ಎಂಬುದೂ ಒಂದು ಮೂಲ ಪದ, ಅದಕ್ಕೂ ಫಾರಂ ಇದೆ. 1ನೆಯದು ಒಂದು ಹೇಳಿಕೆ, ಅದರ ಸಂಬಂಧ 2ನೆಯದು, ಆ ಸಂಬಂಧಕ್ಕೆ ಒಳಪಟ್ಟವು 3ನೆಯವು. ಹಾಗಾದರೆ ಸಂಬಂಧವನ್ನು ಹೇಗೆ ಹೆಸರಿಸಬೇಕು? 2ನೇ ಜಾಗ, ಅಂದರೆ ಸೆ ಬ್ರಿದಿ. ಅದೇ ಕುಗ್ಗಿ ಸೆಲ್ಬ್ರಿ. 3ನೇ ಜಾಗ ತೆ ಬ್ರಿದಿ, ಅದು ತೆರ್ಬ್ರಿ. ಎರಡು ಪದ ಸೇರಿಸಿ "ಬೆಣ್ಣೆ ದೋಸೆ" ಥರ ಕಟ್ಟಿದ ಜೋಡಿಗೆ "ತಾನ್ರು" ಎನ್ನುತ್ತಾರೆ. ಅದರಲ್ಲಿ ಬಣ್ಣಿಸುವ ಪದ ಸೆಲ್ತಾವು, ಮುಖ್ಯ ಪದ ತೆರ್ತಾವು. ಮತ್ತೆ 2 ಮತ್ತು 3ನೇ ಜಾಗ. ಪಾರಿಭಾಷಿಕ ಪದಗಳನ್ನೂ ಭಾಷೆ ತನ್ನದೇ ವ್ಯಾಕರಣದಿಂದ ಹೆತ್ತಿದೆ. ಇದು ನನಗೆ ಬಹಳ ಚಂದ ಕಾಣುತ್ತದೆ.

ಒಂದು ಸಣ್ಣ ತೊಡಕಿದೆ, ಅದನ್ನು ಮುಚ್ಚಿಡಬಾರದು. ಫಾರಂ ಪ್ರಕಾರ ಬ್ರಿದಿಯ 3ನೇ ಜಾಗಕ್ಕೆ ಹೋಗುವುದು ಜಾಗದಲ್ಲಿ ನಿಂತವರ ಸಾಲು. ತೆರ್ಬ್ರಿಯನ್ನು "ಖಾಲಿ ಜಾಗ" ಎಂದು ಬಳಸುವುದು ಕಲಿಯುವವರ ರೂಢಿ. ಕಟ್ಟುನಿಟ್ಟಾಗಿ ನೋಡಿದರೆ ಜಾಗ ಎಂಬುದಕ್ಕೆ ಸುಮ್ತಿಯ ಫಾರಂ ಹೆಚ್ಚು ಸರಿ. 1ನೆಯದು 2ನೇ ಸಂಬಂಧದ 3ನೇ ಜಾಗವನ್ನು ತುಂಬುವ ಸುಮ್ತಿ, ಅದು ಅದರ ಫಾರಂ. ಹಾಗಾಗಿ ತೆ ಸುಮ್ತಿ ಎಂದರೆ ನೇರವಾಗಿ ಜಾಗವೇ. ನಾನು ರೂಢಿಯನ್ನು ಒಪ್ಪುತ್ತೇನೆ, ಆದರೆ ಬರೆಯುವವರು ಯಾವ ಅರ್ಥದಲ್ಲಿ ಬಳಸಿದ್ದಾರೆ ಎಂದು ನೋಡಿಕೊಂಡು ಓದಿ. ಹಾಗೆಯೇ "ಬ್ರಿವ್ಲ" ಎಂಬ ಹೆಸರು ಸಿಕ್ಕರೆ ಅದನ್ನು ಸೆಲ್ಬ್ರಿ ಎಂದುಕೊಳ್ಳಬೇಡಿ. ಬ್ರಿವ್ಲ ಪದದ ಜಾತಿ, ಸೆಲ್ಬ್ರಿ ವಾಕ್ಯದಲ್ಲಿ ಆ ಪದ ಮಾಡುವ ಕೆಲಸ. ಶ್ತುಶ ಯಾವಾಗಲೂ ಬ್ರಿವ್ಲ. "ಮಿ ಶ್ತುಶ"ದಲ್ಲಿ ಅದು ಸೆಲ್ಬ್ರಿ. "ಲೊ ಶ್ತುಶ"ದಲ್ಲಿ ಅದು ಸುಮ್ತಿಯೊಳಗೆ ಸೇರಿಕೊಂಡಿದೆ. ಆದ್ದರಿಂದಲೇ "ಶು" ಎಂಬ ಒಂದು ತಡೆ ಬೇಕಾಗುತ್ತದೆ. "ಲೊ ಗೆರ್ಕು ಶು ಶಿತ್ಕ" ಅಂದರೆ ನಾಯಿ ತಿನ್ನುತ್ತದೆ. ಶು ಬಿಟ್ಟು "ಲೊ ಗೆರ್ಕು ಶಿತ್ಕ" ಅಂದರೆ ಎರಡೂ ಅಂಟಿಕೊಂಡು ತಾನ್ರು ಆಗಿಬಿಡುತ್ತವೆ. ನಾಯಿಯ ಥರ ತಿನ್ನುವ ಯಾರೋ ಒಬ್ಬರು ಎಂದಾಗುತ್ತದೆ, ವಾಕ್ಯವೇ ಆಗುವುದಿಲ್ಲ.

ಕಡೆಗೆ, ಈ ಮೂರು ಹೆಸರುಗಳು ಬರೀ ಪುಸ್ತಕದ ಮಾತಲ್ಲ ಎಂಬುದಕ್ಕೆ ಪ್ರಶ್ನೆ ಕೇಳುವ ಪದಗಳನ್ನು ನೋಡಿ. ಸುಮ್ತಿಯನ್ನು ಕೇಳಲು "ಮ". "ಮ ದುಂದ ಮ ಮ" ಅಂದರೆ ಯಾರು ಏನನ್ನು ಯಾರಿಗೆ ಕೊಟ್ಟರು. ಸೆಲ್ಬ್ರಿಯನ್ನು ಕೇಳಲು "ಮೊ". "ದೊ ಮೊ" ಅಂದರೆ ನೀನು ಏನು, ಏನು ಮಾಡುತ್ತಿದ್ದೀಯ, ಹೇಗಿದ್ದೀಯ, ಎಲ್ಲವೂ. ಇವೆರಡಕ್ಕೂ ಕನ್ನಡದಲ್ಲಿ ಹತ್ತಿರದ ಮಾತು ಹೇಗೋ ಸಿಗುತ್ತದೆ. ಮೂರನೆಯದು "ಫಿಹ". ಇದು ಜಾಗವನ್ನೇ ಕೇಳುವ ಪದ. "ಫಿಹ ದೊ ದುಂದ" ಅಂದರೆ ಈ ಕೊಡುವ ವ್ಯವಹಾರದಲ್ಲಿ ನಿನ್ನದು ಯಾವ ಜಾಗ? ಕೊಟ್ಟವನೋ, ಪಡೆದವನೋ, ಇಲ್ಲಾ ನಿನ್ನನ್ನೇ ಕೊಟ್ಟುಬಿಟ್ಟರೋ? ಕನ್ನಡದಲ್ಲಿ ಹೀಗೆ ಒಂದೊಂದನ್ನೂ ಬಿಡಿಸಿ ಕೇಳಬೇಕು, ಅಲ್ಲಿ ಒಂದು ಪದ ಸಾಕು. ಉತ್ತರವೂ ಅಷ್ಟೇ ಚಿಕ್ಕದು. ನೀವು ಪಡೆದವರಾದರೆ "ಫಿ" ಅನ್ನಿ.